ಪಿಸಿಬಿ ಕಿಟ್: ಡ್ರಿಲ್ಲಿಗೆ ಶಭಾಷ್, ಫೆರಿಕ್ ಕ್ಲೋರೈಡ್ ಸಾಲದು

10×15 ಸೆಂ.ಮೀ.ನ ಮೂರು ತಾಮ್ರದ ಬೋರ್ಡ್, ಬೇಡದ ತಾಮ್ರವನ್ನು ಕರಗಿಸಲು 100 ಗ್ರಾಂ ಫೆರಿಕ್ ಕ್ಲೋರೈಡ್, ಒಂದು ಪರ್ಮನೆಂಟ್ ಮಾರ್ಕರ್, ಕೈಯಲ್ಲೇ ತಿರುಗಿಸುವ ಡ್ರಿಲ್, 0.8 ಮತ್ತು 1 ಮಿ.ಮೀ. ಬಿಟ್‌ಗಳು. ಆನ್‌ಲೈನಿನಲ್ಲಿ ಬ್ರ್ಯಾಂಡ್ ಹೆಸರಿಲ್ಲದೆ ಬರುವ, ಮನೆಯಲ್ಲೇ ಪಿಸಿಬಿ (ತಾಮ್ರದ ಗೆರೆಗಳ ಸರ್ಕ್ಯೂಟ್ ಬೋರ್ಡ್) ಮಾಡಿಕೊಳ್ಳುವ ಈ ಕಿಟ್, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗಾಗಿ ಹುಬ್ಬಳ್ಳಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಬೇಕಾದ ಕಾರವಾರ, ಕುಮಟಾದವರಿಗೆ ಅನುಕೂಲವೇ. ಆದರೆ ಇದನ್ನು ಕಟ್ಟಿದವರು ಕರಾವಳಿಯ ಮಳೆಗಾಲ ಕಂಡವರಲ್ಲ.

ಮೊದಲ ತಕರಾರು ಫೆರಿಕ್ ಕ್ಲೋರೈಡಿನದು. ಅದು ಗಾಳಿಯ ತೇವವನ್ನು ಹೀರಿ ತಾನೇ ಕರಗುವ ವಸ್ತು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಜುಲೈ ತಿಂಗಳಿಡೀ ಇಟ್ಟರೆ ಕಂದು ರಾಡಿ. ಬಂದ ದಿನವೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಅಥವಾ ಗಾಜಿನ ಡಬ್ಬಿಗೆ ಹಾಕಿ. ಮುಚ್ಚಳವೂ ಲೋಹದ್ದಾಗಬಾರದು. ಬಳಸುವಾಗ ಸುಮಾರು 200 ಮಿ.ಲೀ. ನೀರಿಗೆ ಇದನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಇದರ ಮೇಲೆ ನೀರು ಸುರಿಯಬಾರದು. ನೀರಿನಂಶವಿಲ್ಲದ ಪುಡಿಯಾದರೆ ಜೋರಾಗಿ ಬಿಸಿಯೇರಿ ಮೂಗು ಉರಿಸುವ ಹೊಗೆ ಬರುತ್ತದೆ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ, ಸ್ಟೀಲ್ ಪಾತ್ರೆ ಹತ್ತಿರವೂ ಬೇಡ.

ಪ್ರಮಾಣದ ಲೆಕ್ಕವೂ ಕೂಡುವುದಿಲ್ಲ. ತಾಮ್ರದ ಪದರ 35 ಮೈಕ್ರಾನ್ ಎಂದರೆ ಒಂದು ಬೋರ್ಡಿನ ಮೇಲೆ ಸುಮಾರು 4.7 ಗ್ರಾಂ ತಾಮ್ರ, ಮೂರಕ್ಕೆ 14 ಗ್ರಾಂ. ಹಳದಿ ಉಂಡೆಯ ರೂಪದ 100 ಗ್ರಾಂ ಫೆರಿಕ್ ಕ್ಲೋರೈಡ್ ಪುಸ್ತಕದ ಲೆಕ್ಕದಲ್ಲೇ 12 ಗ್ರಾಂ ತಾಮ್ರ ತಿನ್ನುವುದಿಲ್ಲ. ಅರ್ಧ ದಾಟುವಷ್ಟರಲ್ಲಿ ವೇಗವೂ ಬಿದ್ದಿರುತ್ತದೆ. ಉಪಾಯವೆಂದರೆ ಗೆರೆಗಳ ನಡುವಿನ ಖಾಲಿ ಜಾಗವನ್ನೆಲ್ಲ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಭಾಗ) ಮಾಡಿ ತಾಮ್ರ ಉಳಿಸುವುದು. ಆಗ ಮೂರೂ ಬೋರ್ಡ್ ಮುಗಿಯಬಹುದು.

ಉಪ್ಪುಗಾಳಿಗೆ ತಾಮ್ರ ಬೇಗ ಮಂಕಾಗುತ್ತದೆ. ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಉಜ್ಜಿ ತೊಳೆಯಿರಿ. ನೀರು ಹನಿಗಟ್ಟದೆ ಇಡೀ ಮೈಮೇಲೆ ಪದರವಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ. ಆಮೇಲೆ ಅಂಚು ಮಾತ್ರ ಹಿಡಿಯಿರಿ.

ಮಾರ್ಕರ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ: ಅದರ ಶಾಯಿ ಮುಚ್ಚಿದ ತಾಮ್ರ ಉಳಿಯುತ್ತದೆ, ಆದರೆ 1 ಮಿ.ಮೀ.ಗಿಂತ ಸಣ್ಣ ಗೆರೆ ಬೇಡದ ತಾಮ್ರ ಕರಗಿಸುವ ಎಚಿಂಗ್‌ನಲ್ಲಿ ತುಂಡಾಗುತ್ತದೆ. ಐಸಿ (ಹತ್ತಿರಹತ್ತಿರ ಕಾಲುಗಳಿರುವ ಚಿಪ್) ಇರುವ ಸರ್ಕ್ಯೂಟಿಗೆ, ಲೇಸರ್ ಪ್ರಿಂಟರಿನ ಪುಡಿಶಾಯಿಯನ್ನು ತಾಮ್ರಕ್ಕೆ ಅಂಟಿಸುವ ಟೋನರ್ ದಾರಿಯೇ ಸರಿ. ನುಣುಪು ಕಾಗದದ ಮೇಲೆ ಕನ್ನಡಿಯಲ್ಲಿ ಕಾಣುವಂತೆ ತಿರುವಿದ ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆಸಿ (ಇಂಕ್‌ಜೆಟ್ ಆಗದು), ಚಿತ್ರದ ಮುಖವನ್ನು ತಾಮ್ರದ ಮೇಲಿಟ್ಟು, ಹಬೆಯಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಾಟನ್ ಗುರುತಿಗೆ ಇಟ್ಟು ಮೂರ್ನಾಲ್ಕು ನಿಮಿಷ ಒತ್ತಿ. ಆರಿದ ಮೇಲೆ ನೀರಿನಲ್ಲಿ ನೆನೆಸಿ ಕಾಗದವನ್ನು ಬೆರಳಲ್ಲಿ ಉಜ್ಜಿ ತೆಗೆಯಿರಿ. ಗೆರೆಯೇ ಎದ್ದು ಬಂದರೆ ಜಿಡ್ಡು ಉಳಿದಿದೆ ಅಥವಾ ಬಿಸಿ ಸಾಲಲಿಲ್ಲ. ಗೆರೆ ಹರಡಿಕೊಂಡರೆ ಒತ್ತಿದ್ದು ಜಾಸ್ತಿ. ಟೋನರ್ ಗೆರೆಯಲ್ಲಿ ಬಿದ್ದ ಸಣ್ಣ ತೂತುಗಳನ್ನು ಮುಚ್ಚುವುದಕ್ಕೆ ಕಿಟ್‌ನ ಮಾರ್ಕರ್ ಧಾರಾಳ ಸಾಕು.

ಎಚಿಂಗ್‌ಗೆ ಬೋರ್ಡ್ ಮುಳುಗಿಸುವ ಫೆರಿಕ್ ಕ್ಲೋರೈಡ್ ದ್ರಾವಣದ ತಟ್ಟೆಯನ್ನು 45 ಡಿಗ್ರಿಯ ಬಿಸಿನೀರಿನ ಟಬ್ಬಿನಲ್ಲಿ ಇಡಿ. ತಣ್ಣಗಿದ್ದರೆ, ಅದರಲ್ಲೂ ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ, ಕೆಲಸ ಸಾಗುವುದೇ ಇಲ್ಲ. ಕಾಯುತ್ತ ಕೂತಷ್ಟೂ ಗೆರೆಯ ಅಂಚು ಒಳಗಿನಿಂದ ಸವೆಯುತ್ತದೆ. ತಾಮ್ರದ ಮುಖ ಕೆಳಗಿದ್ದರೆ ಗಸಿ ತಾನೇ ಉದುರಿಹೋಗುತ್ತದೆ.

ಡ್ರಿಲ್ ಮಾತ್ರ ಕಿಟ್‌ನ ಬೆಲೆಗೆ ಮೀರಿದ್ದು. ಬೋರ್ಡುಗಳು ಫೀನಾಲಿಕ್ (ಕಾಗದ, ರಾಳ ಸೇರಿಸಿ ಮಾಡಿದ ಮೆತ್ತನೆಯ ಹಲಗೆ) ಆದ್ದರಿಂದ ಕೈಯಲ್ಲೇ ಬೆಣ್ಣೆಯಂತೆ ಕೊರೆಯಬಹುದು: ರೆಸಿಸ್ಟರ್, ಐಸಿಗೆ 0.8, ಹೆಡರ್ ಪಿನ್ ಮತ್ತು 1ಎನ್4007 ಡಯೋಡಿಗೆ 1 ಮಿ.ಮೀ. ಅದೇ ಫೀನಾಲಿಕ್ಕಿನ ದೋಷವೆಂದರೆ ಬೆಸುಗೆಯ ಕಾವು ಮೂರು ಸೆಕೆಂಡು ಮೀರಿದರೆ ಪ್ಯಾಡ್ (ಬೆಸುಗೆ ಕೂರುವ ತಾಮ್ರದ ಬಿಲ್ಲೆ) ಕಿತ್ತು ಬರುತ್ತದೆ. ಎಚಿಂಗ್ ಮುಗಿದ ಮೇಲೆ ಟೋನರನ್ನು ಅಸಿಟೋನಿನಲ್ಲಿ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿದ ರೋಸಿನ್ (ಪೈನ್ ಮರದ ರಾಳ) ಬಳಿಯಿರಿ. ತಾಮ್ರ ಕಪ್ಪಾಗದು, ಬೆಸುಗೆಯೂ ಚೆನ್ನಾಗಿ ಹಿಡಿಯುತ್ತದೆ.

ಬಳಸಿದ ದ್ರಾವಣದ ಬಗ್ಗೆ ಕಿಟ್‌ನ ಚೀಟಿಯಲ್ಲಿ ಒಂದಕ್ಷರವಿಲ್ಲ, ಇದು ದೊಡ್ಡ ಲೋಪ. ಚಿರೇಕಲ್ಲಿನ ನೆಲ ಸೋಸದೆ ಇಳಿಸುತ್ತದೆ, ಪಕ್ಕದಲ್ಲೇ ಬಾವಿ. ಹೊಳೆಗೆ ಬಿಟ್ಟರೆ ತಾಮ್ರ ಅಳಿವೆಯ ಬಳಚು, ಮೀನುಮರಿಗಳಿಗೆ ವಿಷ. ನೊರೆ ನಿಲ್ಲುವವರೆಗೆ ವಾಷಿಂಗ್ ಸೋಡಾ ಹಾಕಿ, ಗಸಿ ತಳಕ್ಕೆ ಕೂರಲು ಬಿಡಿ. ಆ ಗಸಿಯನ್ನು ಹೆಸರು ಬರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೇ ಕೊಡಿ.