ಲೇಬಲ್ ಓದುವ ಆ್ಯಪ್‌ಗಳು ದಿನಸಿ ಅಂಗಡಿಯಲ್ಲಿ: ಎರಡು ವರ್ಷ ತರಬೇತಿಗೆ ಬಳಸಿದ ಮೇಲೆ

ಕಣ್ಣು ಕಾಣದವರಿಗೆ ದಿನಸಿ ಕೊಳ್ಳುವುದನ್ನು ಕಲಿಸುವಾಗ ಪಾಠವನ್ನು ಫೋನಿನಿಂದ ಶುರು ಮಾಡಿದರೆ ಕೆಲಸ ಕೆಡುತ್ತದೆ. ಬಿಳಿ ಕೋಲಿಗೆ ಒಂದು ಕೈ ಬೇಕು, ಚೀಲಕ್ಕೋ ಬುಟ್ಟಿಗೋ ಇನ್ನೊಂದು. ಫೋನ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರೋದು? ಆ್ಯಪ್ ಹೊಗಳುವ ವಿಡಿಯೊಗಳಲ್ಲಿ ಸಾಮಾನು ಮೇಜಿನ ಮೇಲೆ ಇರುತ್ತದೆ, ಎರಡೂ ಕೈ ಖಾಲಿ ಇರುತ್ತವೆ. ಅಂಗಡಿಯಲ್ಲಿ ಹಾಗಿರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮೂರು ಉಚಿತ ಆ್ಯಪ್‌ಗಳ ಬಗ್ಗೆ. ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ 2017ರಲ್ಲಿ ಐಫೋನಿಗೆ ಬಂತು, 2023ರ ಡಿಸೆಂಬರಿನಲ್ಲಿ ಆಂಡ್ರಾಯ್ಡ್‌ಗೆ. ಕ್ಯಾಮೆರಾ ಹಿಡಿದರೆ ಅಕ್ಷರ, ಬಾರ್‌ಕೋಡ್ ಓದಿ ಹೇಳುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಬಿ ಮೈ ಐಸ್ 2015ರಿಂದ ಇದೆ. ಕಣ್ಣಿರುವ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ನೋಡಿ ಹೇಳುತ್ತಾರೆ. ಮೂರನೆಯದು ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಟ್ಟ ಮಣಿ. ನೋಟು ಯಾವುದೆಂದು ಹೇಳುತ್ತದೆ. ಮೂರನ್ನೂ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿದ ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೇ ಬಳಸಿದ್ದು.

ಕಲಿಸುವ ಕ್ರಮದಲ್ಲಿ ಬೆರಳು ಮೊದಲು, ಬಾಯಿ ಆಮೇಲೆ, ಫೋನ್ ಕಡೆಗೆ.

ಬೆರಳಿನ ಪಾಠ ಅಡುಗೆಮನೆಯಲ್ಲೇ ನಡೆಯಲಿ. ಆರು ಬಟ್ಟಲಲ್ಲಿ ಒಂದೊಂದು ಹಿಡಿ ಕಾಳು ಸಾಕು. ಕಡಲೆಬೇಳೆ ದಪ್ಪ, ಒಂದು ಬದಿ ಉಬ್ಬು. ತೊಗರಿಬೇಳೆ ಅದಕ್ಕಿಂತ ತೆಳು, ಅಂಚು ಬೆರಳಿಗೆ ಸಿಗುತ್ತದೆ. ಇವೆರಡನ್ನು ಮೊದಲ ದಿನವೇ ಬೇರೆ ಮಾಡುತ್ತಾರೆ. ತಕರಾರು ಇರುವುದು ಉದ್ದಿನಬೇಳೆ ಮತ್ತು ಹೆಸರುಬೇಳೆಯಲ್ಲಿ. ಗಾತ್ರ ಹೆಚ್ಚು ಕಡಿಮೆ ಒಂದೇ, ಒಣಗಿದ್ದಾಗ ಬೆರಳಿಗೆ ಗೊತ್ತಾಗುವುದೇ ಇಲ್ಲ. ಮನೆಯಲ್ಲಾದರೆ ನಾಲ್ಕು ಕಾಳು ಹತ್ತು ನಿಮಿಷ ನೆನೆಸಿ ಹೆಬ್ಬೆರಳಲ್ಲಿ ಉಜ್ಜಿ ನೋಡಬಹುದು: ಉದ್ದು ಲೋಳೆಲೋಳೆಯಾಗಿ ಜಾರುತ್ತದೆ, ಹೆಸರು ಜಾರುವುದಿಲ್ಲ. ಅಂಗಡಿಯಲ್ಲಿ ನೆನೆಸಲು ಆಗದು, ಅಲ್ಲಿ ಕೇಳಲೇಬೇಕು. ಸಾಸಿವೆ ನುಣುಪು, ಅಂಗೈಯಲ್ಲಿ ಓಡಾಡುತ್ತದೆ. ರಾಗಿ ಅದಕ್ಕಿಂತ ಸಣ್ಣದು, ತುಸು ತರಿ. ಜೀರಿಗೆಗೂ ಸೋಂಪಿಗೂ ಆಕಾರ ನೋಡಿ ಹೊತ್ತು ಕಳೆಯಬೇಡಿ, ನಾಲ್ಕು ಕಾಳು ಉಜ್ಜಿ ಮೂಸಿದರೆ ಮುಗಿಯಿತು. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಕಟ್ಟುಗಳಿಗೂ ಮೂಗೇ ಸರಿ.

ತರಕಾರಿಯಲ್ಲಿ ಕಾಣದವರ ಕೈ ಅನೇಕ ಸಲ ಕಾಣುವವರ ಕಣ್ಣಿಗಿಂತ ಮೇಲು. ಈರುಳ್ಳಿಯ ಕುತ್ತಿಗೆ ಮೆತ್ತಗಿದ್ದರೆ ಒಳಗೆ ಕೊಳೆಯುತ್ತಿದೆ ಎಂದರ್ಥ. ಬೀನ್ಸ್ ಬಾಗಿಸಿದರೆ ಟಕ್ಕನೆ ಮುರಿಯಬೇಕು. ಬೆಂಡೆಕಾಯಿ ತುದಿ ಮುರಿದು ನೋಡಲು ಎಲ್ಲರೂ ಬಿಡುವುದಿಲ್ಲ, ಕೇಳಿ ಮುರಿಯಿರಿ. ಆಲೂಗಡ್ಡೆಯ ಮೊಳಕೆ ಹೆಬ್ಬೆರಳಿಗೆ ಸಿಗುತ್ತದೆ. ಆದರೆ ಹಸಿರು ತಿರುಗಿದ್ದು ಯಾವ ಬೆರಳಿಗೂ ತಿಳಿಯದು, ಅದನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ಸೇರಿಸಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗೂ ಮೊಸರಿನದಕ್ಕೂ ವ್ಯತ್ಯಾಸ ಸುಲಭ, ಮೊಸರು ಗಡ್ಡೆಯಾಗಿ ಒಟ್ಟಿಗೆ ಅಲುಗುತ್ತದೆ. ನಂದಿನಿಯ ನೀಲಿಯೋ ಕಿತ್ತಳೆಯೋ ಎಂಬುದು ಮಾತ್ರ ಕೈಗೆ ಸಿಗುವ ಸಂಗತಿಯಲ್ಲ. ಬಣ್ಣದ ಹೆಸರು ಹೇಳಿ ಕೇಳುವುದನ್ನು ಕಲಿಸಿ, ಅಂಗಡಿಯವರು ಬಣ್ಣದಲ್ಲೇ ಯೋಚಿಸುತ್ತಾರೆ.

ಇನ್ನು ಬಾಯಿ. ಕಿರಾಣಿ ಅಂಗಡಿಯ ಕೌಂಟರಿನಲ್ಲಿ ಹೇಳಬೇಕಾದ ಮಾತುಗಳನ್ನು ಮನೆಯಲ್ಲೇ ಜೋರಾಗಿ ಹೇಳಿಸಿ: “ಅಣ್ಣಾ, ನನಗೆ ಕಣ್ಣು ಕಾಣಲ್ಲ. ತೊಗರಿಬೇಳೆ ಕೆಜಿಗೆ ಎಷ್ಟು? ಅರ್ಧ ಕೆಜಿ ಕೊಡಿ. ತೂಕ ಎಷ್ಟು ತೋರಿಸ್ತಿದೆ, ಬಾಯಲ್ಲಿ ಹೇಳ್ಬಿಡಿ.” ದರ ಮೊದಲು, ತೂಕ ನಂತರ. ಸಾಮಾನು ತಕ್ಕಡಿಗೆ ಬಿದ್ದ ಮೇಲೆ ದರ ಕೇಳಿದರೆ ಬೇಡ ಎನ್ನಲು ಸಂಕೋಚ. ಕೆಜಿಗೆ 160 ಎಂದರೆ ಕಾಲು ಕೆಜಿಗೆ 40, ಈ ಬಾಯಿಲೆಕ್ಕ ಪಟ್ಟನೆ ಬರಬೇಕು. ಫೋನಿನ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಹಿಂದಿನವರು ನುಗ್ಗಿರುತ್ತಾರೆ. ಹೊತ್ತು ಆರಿಸುವುದೂ ಪಾಠದ ಭಾಗವೇ. ಬೆಳಿಗ್ಗೆ ಹನ್ನೊಂದರ ಆಸುಪಾಸು ಸರಿ, ಸಂಜೆ ಆರರಿಂದ ಎಂಟು ಬೇಡ, ತಿಂಗಳ ಮೊದಲ ವಾರವಂತೂ ಬೇಡವೇ ಬೇಡ.

ಕಲಿಸುವವರೇ ಇಲ್ಲಿ ಕೆಡಿಸುವುದು ಹೆಚ್ಚು. ಪಕ್ಕದಲ್ಲಿ ನಿಂತರೆ ಅಂಗಡಿಯವರು “ಅವರಿಗೆ ಏನು ಬೇಕಂತೆ?” ಎಂದು ನಿಮ್ಮನ್ನೇ ಕೇಳುತ್ತಾರೆ. ಉತ್ತರ ಕೊಟ್ಟಿರೋ, ಅಂದಿನ ಪಾಠ ಮುಗಿದಂತೆ. ಮೊದಲ ಎರಡು ಸಲ ಪಕ್ಕದಲ್ಲಿ, ಆಮೇಲೆ ಎರಡು ಮೀಟರ್ ಹಿಂದೆ ಬೆನ್ನು ತಿರುಗಿಸಿ, ಆಮೇಲೆ ಅಂಗಡಿಯ ಹೊರಗೆ. ಶುರುವಿನ ಪಟ್ಟಿಯಲ್ಲಿ ನಾಲ್ಕು ಸಾಮಾನು ಸಾಕು, ಎಂಟು ದಾಟಬಾರದು. ಹಾಪ್‌ಕಾಮ್ಸ್ ಮಳಿಗೆ ಹತ್ತಿರ ಇದ್ದರೆ ತರಕಾರಿಗೆ ಮೊದಲು ಅಲ್ಲಿಗೇ ಕರೆದೊಯ್ಯಿರಿ. ದರ ನಿಗದಿ, ಚೌಕಾಸಿಯ ತಲೆನೋವಿಲ್ಲ. ಸಂತೆ ಕೊನೆಗೆ. ಅಲ್ಲಿ ನೆಲದ ಮೇಲಿನ ರಾಶಿ ಕೋಲಿಗೆ ಸಿಗುತ್ತದೆ, ಮೇಲಿಂದ ನೇತಾಡುವ ಬಾಳೆಗೊನೆ, ತಕ್ಕಡಿ, ಟಾರ್ಪಾಲಿನ ಹಗ್ಗ ಸಿಗುವುದಿಲ್ಲ. ಐಐಟಿ ದೆಹಲಿಯಲ್ಲಿ ರೂಪಿಸಿದ, ಕೋಲಿಗೆ ಸಿಕ್ಕಿಸುವ ಸ್ಮಾರ್ಟ್‌ಕೇನ್ ಮೊಣಕಾಲಿಂದ ಮೇಲಿನ ಅಡ್ಡಿಯನ್ನು ಕಂಪನದಲ್ಲಿ ತಿಳಿಸುತ್ತದೆ. ಆದರೆ ಜನಜಂಗುಳಿಯಲ್ಲಿ ಪ್ರತಿ ಭುಜವೂ ಅಡ್ಡಿಯೇ, ಕೈ ಇಡೀ ಹೊತ್ತು ನಡುಗುತ್ತಿರುತ್ತದೆ.

ಹಣದ ವಿಷಯಕ್ಕೆ ಬಂದರೆ ಮಣಿ ಆ್ಯಪ್ ನಿಜಕ್ಕೂ ಉಪಕಾರಿ. ಇಂಟರ್ನೆಟ್ ಬೇಡ, ಅರ್ಧಕ್ಕೆ ಮಡಚಿದ ನೋಟನ್ನೂ ಗುರುತಿಸುತ್ತದೆ, ಕನ್ನಡದಲ್ಲೂ ಹೇಳುತ್ತದೆ. ಅಸಲಿಯೋ ನಕಲಿಯೋ ಹೇಳುವುದಿಲ್ಲ. ಅದು ಅದರ ಕೆಲಸವೂ ಅಲ್ಲ. ಆದರೆ ಇದನ್ನು ಕೌಂಟರಿನಲ್ಲಿ ಬಳಸುವುದಕ್ಕಿಂತ ಹೊರಡುವ ಮುನ್ನ ಮನೆಯಲ್ಲಿ ನೋಟು ಬೇರ್ಪಡಿಸಲು ಬಳಸುವುದು ಜಾಣತನ. 500 ಮಡಚದೆ, 200 ಉದ್ದುದ್ದ ಮಡಚಿ, 100 ಅಡ್ಡಕ್ಕೆ ಅರ್ಧ, 50 ಕಾಲು ಭಾಗಕ್ಕೆ. ಯಾವ ಮಡಿಕೆ ಯಾವುದಕ್ಕೆ ಎನ್ನುವುದು ಅವರವರ ಇಷ್ಟ, ಒಮ್ಮೆ ಇಟ್ಟದ್ದನ್ನು ಬದಲಿಸಬಾರದು ಅಷ್ಟೆ. ಚಿಲ್ಲರೆಯಾಗಿ ಬಂದ ನೋಟು ಬೇರೆ ಜೇಬಿಗೆ, ಮನೆಗೆ ಹೋಗಿ ಪರೀಕ್ಷೆ.

ಆ್ಯಪ್ ಇದ್ದರೂ ಒಂದು ರಟ್ಟಿನ ಪಟ್ಟಿ ಮಾಡಿಕೊಡಿ. 150 ಮಿಲಿಮೀಟರ್ ಉದ್ದ, ಒಂದು ತುದಿಯಿಂದ 123, 129, 135, 142, 146ರಲ್ಲಿ ಸಣ್ಣ ಕಚ್ಚು. ಇವು ಹೊಸ ಸರಣಿಯ 10, 20, 50, 100, 200ರ ಉದ್ದಗಳು, ಪಟ್ಟಿಯ ಕೊನೆಯೇ 500. ಕಚ್ಚಿಲ್ಲದೆ 4 ಮಿಲಿಮೀಟರ್ ವ್ಯತ್ಯಾಸ ಹಿಡಿಯುವುದು ಕಷ್ಟ. 100ರಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ವೃತ್ತ ಇವೆ ನಿಜ, ಆದರೆ ಸಂತೆಯಲ್ಲಿ ನಾಲ್ಕು ತಿಂಗಳು ಸುತ್ತಿದ ನೋಟಿನಲ್ಲಿ ಆ ಉಬ್ಬು ಸವೆದಿರುತ್ತದೆ. ಪಟ್ಟಿ ಮೋಸ ಮಾಡುವುದು ಹಳೆಯ ಸರಣಿಯ ನೋಟಿನಲ್ಲಿ. ಹಳೆಯ 20ರ ಉದ್ದ 147, ಹೊಸ 200ರದ್ದು 146: ಒಂದೇ ಮಿಲಿಮೀಟರ್, ನೂರೆಂಬತ್ತು ರೂಪಾಯಿ ಲುಕ್ಸಾನು. ಹಳೆಯ 10ಕ್ಕೂ ಹೊಸ 50ಕ್ಕೂ ಎರಡೇ ಮಿಲಿಮೀಟರ್. ಅದಕ್ಕೆ ಅಗಲವನ್ನೂ ಅಳೆಯಬೇಕು. ಈ 10, 20ರ ಅಗಲ 63, ಹೊಸ 50, 200ರದ್ದು 66. ಪಟ್ಟಿಯ ಅಗಲವನ್ನೇ 63ಕ್ಕೆ ಕತ್ತರಿಸಿದರೆ ಹೊಸ 50, 200 ಅಂಚಿನಿಂದ ಆಚೆ ಚಾಚುತ್ತವೆ. ನಾಣ್ಯದಲ್ಲೂ ಇದೇ ಕಥೆ. 2011ರ ಸರಣಿಯಲ್ಲಿ 2 ರೂಪಾಯಿ 25 ಮಿಲಿಮೀಟರ್, 5 ರೂಪಾಯಿ 23. 2019ರ ಸರಣಿಯಲ್ಲಿ ಅದು ತಿರುಗಾಮುರುಗಾ ಆಗಿದೆ. 20ರ ನಾಣ್ಯಕ್ಕೆ ಮಾತ್ರ ಗೊಂದಲವಿಲ್ಲ, ಹನ್ನೆರಡು ಮೂಲೆ.

ಯುಪಿಐ ಕಲಿತವರಿಗೆ ಈ ರಗಳೆ ಅರ್ಧ ಕಡಿಮೆ. ಕ್ಯಾಮೆರಾವನ್ನು ಕ್ಯೂಆರ್ ಹಲಗೆಗೆ ತಾಗಿಸಿ, ನೇರವಾಗಿ ಒಂದು ಗೇಣು ಹಿಂದಕ್ಕೆ ಎಳೆದರೆ ಬಹುಪಾಲು ಹಿಡಿಯುತ್ತದೆ. ಪಿನ್ ಒತ್ತುವ ಮುನ್ನ ಅಂಗಡಿಯ ಹೆಸರು ಮತ್ತು ಮೊತ್ತ ಕೇಳಿಸಿಕೊಳ್ಳಲಿ. ಪಿನ್ ಒತ್ತುವಾಗ ಒಂದೇ ಕಿವಿಗೆ ಇಯರ್‌ಫೋನ್ ಇರಲಿ, ಟಾಕ್‌ಬ್ಯಾಕ್‌ನಲ್ಲಿ ಪರದೆ ಮರೆಮಾಡುವ ಆಯ್ಕೆ ಹಾಕಿರಲಿ. ಅಂಗಡಿಯ ಸೌಂಡ್‌ಬಾಕ್ಸ್ “ಇಷ್ಟು ರೂಪಾಯಿ ಬಂತು” ಎಂದು ಕೂಗುವುದು ವ್ಯಾಪಾರಿಗಾಗಿ ಇರಬಹುದು, ಕಾಣದ ಗಿರಾಕಿಗೆ ಅದಕ್ಕಿಂತ ಒಳ್ಳೆಯ ರಸೀದಿ ಇಲ್ಲ.

ಈಗ ಲೇಬಲ್ ಓದುವುದು. ನಿಂತಲ್ಲಿ ನಿಲ್ಲಿ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಬುಟ್ಟಿ ಕಾಲ ಬಳಿ ಇಡಿ. ಫೋನ್ ಕೊರಳಿನ ದಾರದಲ್ಲಿದ್ದರೆ ಬೀಳುವ ಭಯವಿಲ್ಲ. ಬಾರ್‌ಕೋಡ್ ಹುಡುಕುವಾಗ ಫೋನನ್ನು ಆಡಿಸಬಾರದು, ಪ್ಯಾಕೆಟ್ಟನ್ನು ತಿರುಗಿಸಬೇಕು. ಪೌಚಿನ ಹಿಂಬದಿಯಲ್ಲಿ ಉದ್ದಕ್ಕೆ ಅಂಟಿಸಿದ ಹೊಲಿಗೆಯಂಥ ಗೆರೆ ಬೆರಳಿಗೆ ಸಿಗುತ್ತದೆ. ಬಾರ್‌ಕೋಡ್ ಸಾಮಾನ್ಯವಾಗಿ ಅದೇ ಬದಿಯಲ್ಲಿ, ಕೆಳಗೆ. ಸುಕ್ಕನ್ನು ಎರಡು ಹೆಬ್ಬೆರಳಿಂದ ಎಳೆದು ಬಿಗಿ ಮಾಡಿ, ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ ನಿಧಾನಕ್ಕೆ ತಿರುಗಿಸಿ. ಸೀಯಿಂಗ್ ಎಐ ಬೀಪ್ ಸದ್ದಿನಿಂದ ದಾರಿ ತೋರಿಸುತ್ತದೆ, ಹತ್ತಿರವಾದಷ್ಟೂ ಬೀಪ್ ಚುರುಕಾಗುತ್ತದೆ. ಎಣ್ಣೆ ಪೌಚು ಕೈಯಲ್ಲಿ ಉಬ್ಬಿ ಗೆರೆಗಳು ಬಾಗಿದರೆ ಯಾವ ಆ್ಯಪ್ ಕೂಡ ಓದದು, ಅದನ್ನು ಕಟ್ಟೆಯ ಮೇಲೆ ಮಲಗಿಸಿ ಒತ್ತಿ ಹಿಡಿಯಿರಿ. ಇಷ್ಟೆಲ್ಲ ಮಾಡಿ ಕೋಡ್ ಸಿಕ್ಕರೂ ಊರಿನ ಗಿರಣಿಯ ಹಿಟ್ಟು, ಸ್ಥಳೀಯ ಮಸಾಲೆಪುಡಿಗಳು ಆ್ಯಪ್‌ಗಳ ದತ್ತಾಂಶದಲ್ಲಿ ಇರುವುದೇ ಅಪರೂಪ. ಆಗ ಬಾರ್‌ಕೋಡ್ ಬಿಟ್ಟು ಮುಂಬದಿಯ ಅಕ್ಷರ ಓದಿಸುವುದೇ ಬೇಗ. ಕಿರುಪಠ್ಯ ಓದುವ ಭಾಗಕ್ಕೆ ನೆಟ್‌ವರ್ಕ್ ಬೇಡ, ನೆಲಮಾಳಿಗೆಯ ಮಳಿಗೆಯಲ್ಲೂ ಓದುತ್ತದೆ. ಹೆಚ್ಚಿನ ಲೇಬಲ್ ಇಂಗ್ಲಿಷಿನಲ್ಲೇ ಇರುವುದರಿಂದ ಓದುವ ಧ್ವನಿಯೂ ಭಾರತೀಯ ಇಂಗ್ಲಿಷ್ ಇರಲಿ. ಕನ್ನಡ ಧ್ವನಿಯ ಬಾಯಲ್ಲಿ ಇಂಗ್ಲಿಷ್ ಎಡವುತ್ತದೆ.

ಸೋಲುವುದು ದಿನಾಂಕದಲ್ಲಿ. ತಯಾರಿಕೆಯ ದಿನ, ಅವಧಿ, ಎಂಆರ್‌ಪಿ ಇವನ್ನು ಚುಕ್ಕೆಚುಕ್ಕೆಯ ಶಾಯಿಯಲ್ಲಿ ಮಿರುಗುವ ಪ್ಲಾಸ್ಟಿಕ್ಕಿನ ಮೇಲೆ, ಎಷ್ಟೋ ಸಲ ಅಂಟಿಸಿದ ಮಡಿಕೆಯ ಮೇಲೇ ಹೊಡೆದಿರುತ್ತಾರೆ. ಟ್ಯೂಬ್‌ಲೈಟಿನ ಹೊಳಪು ಬಿದ್ದರೆ 3 ಎಂಬುದು 8 ಆಗುತ್ತದೆ. ಪ್ಯಾಕೆಟ್ ತುಸು ಓರೆ ಹಿಡಿದು ಎರಡು ಸಲ ಓದಿಸಿ. ಎರಡು ಸಲವೂ ಒಂದೇ ಬರದಿದ್ದರೆ ಅಂಗಡಿಯವರನ್ನು ಕೇಳಿ. ಕಾಣದವರಿಗೂ ಮಾಹಿತಿ ತಲುಪಲೆಂದು ಪ್ಯಾಕೆಟ್ ಮೇಲೆ ಕ್ಯೂಆರ್ ಕೋಡ್ ಹಾಕಿ ಎಂದು ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2023ರ ಅಕ್ಟೋಬರಿನಲ್ಲಿ ಸಲಹೆ ಕೊಟ್ಟಿದೆ. ಒಳ್ಳೆಯ ಮಾತು, ಆದರೆ ಆ ಕೋಡು ಎಲ್ಲಿದೆ ಎಂದು ಬೆರಳಿಗೆ ತಿಳಿಯುವ ಗುರುತು ಬೇಡವೇ?

ಚಿತ್ರ ನೋಡಿ ವಿವರಿಸುವ ಎಐ ಸೌಕರ್ಯವನ್ನು ಅಳತೆಯಲ್ಲಿ ಬಳಸಿ. ಸಾಲಿನಲ್ಲಿ ಏನೇನಿದೆ ಎಂದು ತಿಳಿಯಲು ಚೆನ್ನ. ಕಾಣದಿದ್ದುದನ್ನೂ ಅದೇ ಧೈರ್ಯದ ದನಿಯಲ್ಲಿ ಹೇಳಿಬಿಡುವುದು ಇಂಥ ಎಐಗಳ ಹುಟ್ಟುಗುಣ. ಶೇಂಗಾ ಅಲರ್ಜಿ ಇರುವವರು ಪದಾರ್ಥಗಳ ಪಟ್ಟಿಗೆ ಇದನ್ನು ನಂಬಬಾರದು, ಬಿ ಮೈ ಐಸ್‌ನ ಮನುಷ್ಯರ ಕರೆ ಮಾಡಲಿ. ಕರೆಯ ಹೊತ್ತಿನಲ್ಲಿ ಪರ್ಸು, ಕಾರ್ಡು ಕ್ಯಾಮೆರಾದ ಮುಂದೆ ಬರದಂತೆ ನೋಡಿಕೊಳ್ಳಬೇಕು.

ಟ್ರಾಲಿ ಇರುವ ದೊಡ್ಡ ಮಳಿಗೆಗೆ ಒಂದೇ ಮಾತು: ಟ್ರಾಲಿಯನ್ನು ತಳ್ಳಬೇಡಿ, ಹಿಂದೆ ಎಳೆಯಿರಿ. ಮುಂದೆ ಕೋಲು ನಡೆಯಲಿ. ತಳ್ಳಿದರೆ ಬಾಟಲಿ ಜೋಡಿಸಿದ ಗೋಪುರಕ್ಕೆ ಕೋಲಿಗಿಂತ ಮೊದಲು ಟ್ರಾಲಿಯೇ ಗುದ್ದುತ್ತದೆ.

ಅಂಕ ಕೊಡಿ ಎಂದರೆ ಮಣಿಗೆ ಐದರಲ್ಲಿ ನಾಲ್ಕು, ಬಿ ಮೈ ಐಸ್‌ಗೆ ನಾಲ್ಕು, ಸೀಯಿಂಗ್ ಎಐಗೆ ಅಂಗಡಿಯಲ್ಲಿ ಮೂರು, ಮನೆಯಲ್ಲಿ ನಾಲ್ಕೂವರೆ. ಮನೆಯಲ್ಲಿ ಇಷ್ಟು ಹೆಚ್ಚು ಯಾಕೆಂದರೆ ಅಲ್ಲಿ ಎರಡೂ ಕೈ ಖಾಲಿ, ಬೆಳಕು ನಮ್ಮದು, ಹಿಂದೆ ಸಾಲಿಲ್ಲ. ತಂದ ಸಾಮಾನನ್ನು ಡಬ್ಬಿಗೆ ಸುರಿಯುವ ಮುನ್ನವೇ ಓದಿಸಿ. ಸುರಿದ ಮೇಲೆ ಯಾವ ಆ್ಯಪ್‌ಗೂ ಓದಲು ಏನೂ ಉಳಿದಿರುವುದಿಲ್ಲ. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ಎಣ್ಣೆ ತಾಗುವ ಕಡೆ ರಬ್ಬರ್ ಹಿಂಜಿ ತುಂಡಾಗುತ್ತದೆ, ಅಲ್ಲಿ ದಾರ ಕಟ್ಟಿ ಗಂಟು ಹಾಕಿ. ದಿನಾಂಕ ಇರುವ ಚೂರನ್ನು ಪ್ಯಾಕೆಟ್ಟಿನಿಂದ ಕತ್ತರಿಸಿ ಡಬ್ಬಿಯ ಮುಚ್ಚಳದ ಹೊರಗೆ ಅಂಟಿಸಿ. ಬಿಡಿಸಿ ಚಪ್ಪಟೆ ಅಂಟಿಸಿದ ಆ ಚೂರನ್ನು ಫೋನ್ ಹೆಚ್ಚಾಗಿ ಮೊದಲ ಸಲಕ್ಕೇ ಓದುತ್ತದೆ.