ರಾಣಿಬಾಗ್: ಪೆಂಗ್ವಿನ್ ಬಿಡ್ರಿ, ಗಿಡಾ ನೋಡ್ರಿ

ಬೈಕಳಾದ ರಾಣಿಬಾಗ್ ಅಂದ್ರ ಮುಂಬೈ ಮಂದಿಗೆ ಝೂ, ಅದರಾಗೂ ಪೆಂಗ್ವಿನ್. ಡೊಂಬಿವಲಿಯೊಳಗಿರೋ ನನ್ನ ತಮ್ಮ ಸೈತ ಹಂಗ ಅಂದ: "ಸಣ್ಣ ಹುಡುಗ್ರಿದ್ರ ಹೋಗಬೇಕು, ನಿನಗೇನೈತಿ ಅಲ್ಲೆ?" ನಾನು ಸವಣೂರವ, ಎಲಿಬಳ್ಳಿ ತ್ವಾಟದಾಗ ಬೆಳದಾಂವ. ಅದಕ್ಕ ಇದನ್ನ ತ್ವಾಟಾ ಅಂತನ ಹಿಡದು ಬರೀತೇನಿ. 1862ರಾಗ ಸುರು ಆದಾಗೂ ಇದು ತ್ವಾಟಾನ ಆಗಿತ್ತು. ಹುಲಿ, ಕರಡಿ ಎಲ್ಲಾ ಆಮ್ಯಾಲ ಬಂದವು.

ಬೈಕಳಾ ಸ್ಟೇಶನ್ನಿನ ಪೂರ್ವದ ಕಡೆ ಇಳದ್ರ ನಡಕೋತ ಹೋಗಬಹುದು. ಆಟೋ ಹುಡುಕಬ್ಯಾಡ್ರಿ, ಅಷ್ಟು ದಕ್ಷಿಣಕ್ಕ ಆಟೋ ಬಿಡಂಗಿಲ್ಲ. ಟಿಕೆಟ್ ದೊಡ್ಡವರಿಗೆ 50 ರೂಪಾಯಿ. ಐತವಾರ ಮಾತ್ರ ಹೋಗಬ್ಯಾಡ್ರಿ, ಜಾತ್ರಿ ಅದು.

ಒಳಗ ಹೊಕ್ಕ ಮ್ಯಾಲ ಮಂದಿ ಎಲ್ಲಾ ಒಂದ ಕಡೆ ಓಡತಾರ, ಪೆಂಗ್ವಿನ್ ಮನಿ ಕಡೆ. ತಮ್ಮನ ಮಾತಿಗೆ ನಾವೂ ಹೋದ್ವಿ. ತಂಪನ್ನ ರೂಮು, ಗಾಜಿನ ಹಿಂದ ಹಕ್ಕಿ, ಮುಂದ ನೂರಾರು ಮೊಬೈಲು. ಹಂಬೋಲ್ಟ್ ಪೆಂಗ್ವಿನ್ ಇವು, ಮೊದಲನೇವನ್ನ 2016ರಾಗ ದಕ್ಷಿಣ ಕೊರಿಯಾದಿಂದ ತಂದಿದ್ರು. ಪಾಳೇದಾಗ ಎಲ್ಲಾರೂ ಹಿಮಾ, ಹಿಮಾ ಅನ್ನಾಕತ್ತಿದ್ರು. ಇವು ಪೆರು, ಚಿಲಿ ಕಡಲ ದಂಡಿಯವು, ಹಿಮಾ ಕಂಡವಲ್ಲ. ಆಯ್ತು, ನೋಡಿದ್ವಿ, ಹೊರಗ ಬಂದ್ವಿ.

ಹೊರಗ ಬಂದು ಅಡ್ಡಾಡಿದ ಮ್ಯಾಲ ಖರೇ ರಾಣಿಬಾಗ್ ಕಂಡಿತು. ಒಂದು ತಿರುವಿನಾಗ ನಾನು ನಿಂತ ಬಿಟ್ಟೆ. ಬಾವೊಬಾಬ್! ನಮ್ಮ ಸವಣೂರಿನ ದೊಡ್ಡಹುಣಸಿ ಕಲ್ಮಠದಾಗ ಮೂರು ಗಿಡಾ ನೋಡಿರಬೇಕಲ್ಲ, ಅದ ಜಾತಿ, ಆಫ್ರಿಕಾದ್ದು. ನಮ್ಮವು ಇದಕ್ಕಿಂತ ದಪ್ಪ, ಅದನ್ನ ಹೇಳಲೇಬೇಕು. 2023ರ ಮಳಿಗೆ ಅವುದರಾಗ ಒಂದು ಉರುಳಿದಾಗ ಊರೆಲ್ಲಾ ಮರುಗಿತ್ತು, ಕ್ರೇನ್ ತಂದು ಎತ್ತಿ ನಿಲ್ಲಿಸಿದ್ರು. ನಾವು ಹೋದಾಗ ಫೆಬ್ರವರಿ ಇತ್ತು, ರಾಣಿಬಾಗಿನ ಗಿಡಾ ಎಲಿ ಉದುರಿಸಿಕೊಂಡು ಬೋಳು ನಿಂತಿತ್ತು. ಪಕ್ಕದಾಗಿನ ಒಬ್ಬಾಕಿ "ಸುಖಾ ಝಾಡ್" ಅಂದು ಮುಂದ ಹೋದ್ಲು. ಸತ್ತಿಲ್ಲವ್ವಾ, ಮಳಿ ಬಿದ್ರ ಚಿಗೀತೈತಿ. ಬೊಡ್ಡಿಯೊಳಗ ನೀರು ಕೂಡಿಟ್ಟಿರತೈತಿ. ರಾತ್ರಿ ಹೂವರಳತೈತಿ, ಬಾವಲಿ ಬಂದು ಪರಾಗ ಹೊರತಾವ.

ಇನ್ನೊಂದು, ಉರ್ವಶಿ. ಬರ್ಮಾದ ಗಿಡಾ. ಕೆಂಪು ಹೂವಿನ ಗೊಂಚಲು ಝುಮಕಿ ಹಂಗ ತಲಿಕೆಳಗಾಗಿ ಜೋಲಾಡತಾವ, ತುದಿಗೆ ಹಳದಿ ಬೊಟ್ಟು. ಲಾಲಬಾಗ್ ನೋಡೇನಿ, ಆದ್ರ ಒಂದು ಗಿಡದ ಬುಡಕ ಇಷ್ಟೊತ್ತು ನಿಂತಿದ್ದು ನೆನಪಿಲ್ಲ. ಚಳಿಗಾಲದ ಕೊನಿಗೆ ಹೋದ್ರ ಹೂವು ಸಿಗತಾವ. ತಮ್ಮ ಇಷ್ಟು ವರ್ಷ ಮುಂಬೈದಾಗಿದ್ದಾನ, ಇದರ ಹೆಸರ ಕೇಳಿರಲಿಲ್ಲ! ಝೂ ದೊಡ್ಡದು ಮಾಡೋ ಯೋಜನೆ ಬಂದಾಗ ಈ ಗಿಡಗೋಳ ಸಲುವಾಗಿ ಊರ ಮಂದಿ, ಅದರಾಗೂ ಹೆಣ್ಮಕ್ಕಳು, ವರ್ಷಗಟ್ಟಲೆ ಬಡದಾಡಿದ್ರಂತ. ಅವರಿಗೆ ಕೈಮುಗೀಬೇಕು.

ಹಳೇ ಮೂರ್ತಿಗೋಳೂ ಅದಾವ. ಕಾಳಾ ಘೋಡಾ (ಕರೇ ಕುದರಿ) ಅನ್ನೋ ಮುಂಬೈ ಏರಿಯಾಕ್ಕ ಹೆಸರು ತಂದ ಬ್ರಿಟಿಷ್ ರಾಜ ಏಳನೇ ಎಡ್ವರ್ಡ್‌ನ ಕುದರಿ 1965ರಿಂದ ಇಲ್ಲೆ ಬಂದು ನಿಂತೈತಿ. ಅದಕ್ಕಿಂತ ನನಗ ಸೇರಿದ್ದು ಮ್ಯೂಸಿಯಂ ಬಾಜೂಕಿನ ಕಲ್ಲಾನೆ. ಘಾರಾಪುರಿ ನಡುಗಡ್ಡೆಗೆ ಎಲಿಫೆಂಟಾ ಅಂತ ಹೆಸರು ಬಂದಿದ್ದು ಈ ಆನೆಯಿಂದ. ಇಂಗ್ಲೆಂಡಿಗೆ ಒಯ್ಯಾಕ ಎತ್ತಿದಾಗ ಮುರದು ತುಂಡಾತಂತ, ಮತ್ತ ಜೋಡಿಸಿ ನಿಲ್ಲಿಸ್ಯಾರ. ಮ್ಯೂಸಿಯಂ, ಅಂದ್ರ ಭಾವು ದಾಜಿ ಲಾಡ್, ಅದಕ್ಕ ಬ್ಯಾರೆ ಟಿಕೆಟ್ಟು. ಕಾಲು ನೋಯತಿದ್ವು, ನಾವು ಬಿಟ್ವಿ.

ಊಟಕ್ಕ ಸ್ಲೋ ಲೋಕಲ್ ಹಿಡದು ಮಾಟುಂಗಾಕ್ಕ ಬರ್ರಿ, ಸ್ಟೇಶನ್ನಿನ ಹತ್ರಾನ ರಾಮಾ ನಾಯಕರ ಉಡುಪಿ ಬೋರ್ಡಿಂಗು, 1942ರದ್ದು. ಬಾಳಿ ಎಲಿ ಊಟ. ನಮ್ಮ ಕಡೆ ರೊಟ್ಟಿ ಸಿಗಂಗಿಲ್ಲ, ಆದ್ರ ಸಾರು ಎರಡು ಸಲ ಹಾಕಿಸಿಕೊಂಡೆ. ಈ ಬೋರ್ಡಿಂಗಿಗೆ ಸೋಮವಾರ ರಜಾ, ರಾಣಿಬಾಗ್‌ಗೆ ಬುಧವಾರ ರಜಾ. ಮಂಗಳವಾರ ಮುಂಜಾನೆ ಹೋಗ್ರಿ.