ಬೇನಾಮಿ ಬಿಡ್‌ಗಳ ನಡುವೆ ಹಳೆಯ ಅಂಚೆ ಕಾರ್ಡು: ಒಂದು ಆನ್‌ಲೈನ್ ಹರಾಜು ಸೇವೆಯ ವಿಮರ್ಶೆ

ನಾಣ್ಯ, ನೋಟು, ಅಂಚೆಚೀಟಿ ಮತ್ತು ಹಳೆಯ ಅಂಚೆ ಕಾಗದಪತ್ರಗಳನ್ನು ಪ್ರತಿ ತಿಂಗಳೂ ಆನ್‌ಲೈನ್ ಹರಾಜಿಗಿಡುವ ದಕ್ಷಿಣ ಭಾರತದ ಸಂಸ್ಥೆಯೊಂದರ ಸೇವೆಯನ್ನು ಕಾಸರಗೋಡಿನಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬೆಲೆ ಏರಿಸಲೆಂದೇ ಹಾಕುವ ಬೇನಾಮಿ ಬಿಡ್‌ಗಳ ಬಗ್ಗೆ ನಾನು ಕೊಟ್ಟ ದೂರು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ನಾನು ಈ ಸೇವೆಯನ್ನು ಅಳೆದ ಕ್ರಮವನ್ನು ಓದುಗರು ತಾವು ಬಳಸುವ ಯಾವ ಹರಾಜು ತಾಣಕ್ಕಾದರೂ ಅನ್ವಯಿಸಿ ನೋಡಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವರು ಕಳುಹಿಸುವ ವಸ್ತುವನ್ನು ನಂಬಬಹುದು, ವಿವರಣೆಯನ್ನು ನಂಬಬಹುದು, ಆದರೆ ಪರದೆಯ ಮೇಲೆ ಏರುತ್ತಾ ಹೋಗುವ ಬೆಲೆಯನ್ನು ನಂಬುವಂತಿಲ್ಲ.

ಒಳ್ಳೆಯ ಅಂಶಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಪ್ರತಿ ಲಾಟಿನ, ಅಂದರೆ ಹರಾಜಿಗಿಟ್ಟ ಪ್ರತಿ ವಸ್ತುವಿನ, ಎರಡೂ ಬದಿಯ ಫೋಟೋ ಇರುತ್ತದೆ. ಮಡಿಕೆ, ಹರಿದ ಅಂಚು, ಗೆದ್ದಲು ತಿಂದ ತೂತು ಯಾವುದನ್ನೂ ಮರೆಮಾಚುವುದಿಲ್ಲ. ಟಿಪ್ಪುವಿನ ಆನೆ ಪೈಸೆಗಳ ವಿವರಣೆಯಲ್ಲಿ ಟಂಕಸಾಲೆಯ ಹೆಸರು ಓದಲು ಬಾರದಿದ್ದರೆ ಬಾರದೆಂದೇ ಬರೆಯುತ್ತಾರೆ, ಊಹಿಸಿ ‘ಅಪರೂಪ’ ಎಂಬ ಮುದ್ರೆ ಒತ್ತುವುದಿಲ್ಲ. ಪಾರ್ಸೆಲ್ಲು ಗಟ್ಟಿ ರಟ್ಟುಗಳ ನಡುವೆ, ಮಳೆಗಾಲದಲ್ಲೂ ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಬರುತ್ತದೆ. ಜೂನ್ ತಿಂಗಳಿನಲ್ಲಿ ನಮ್ಮ ಕಡೆಗೆ ಬಂದ ಕಾಗದವೊಂದು ಒಣಗಿದ ಸ್ಥಿತಿಯಲ್ಲಿ ಕೈಸೇರುವುದು ಸಣ್ಣ ವಿಷಯವಲ್ಲ.

ನಾನು ಮುಖ್ಯವಾಗಿ ಕೊಳ್ಳುವುದು ಕಾಸರಗೋಡು, ಕುಂಬಳೆ, ಮಂಜೇಶ್ವರ, ಹೊಸದುರ್ಗಗಳ ಅಂಚೆ ಮುದ್ರೆಯಿರುವ ಹಳೆಯ ಕಾರ್ಡು ಮತ್ತು ಲಕೋಟೆಗಳನ್ನು. 1956ರ ನವೆಂಬರ್ 1ರಂದು ಕೇರಳ ರಾಜ್ಯ ರಚನೆಯಾಗುವವರೆಗೆ ಈ ಪ್ರದೇಶ ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ ಇಂಥ ಒಂದು ಕಾರ್ಡಿಗೆ ಮದ್ರಾಸ್ ಪ್ರಾಂತ್ಯದ ಅಂಚೆ ಇತಿಹಾಸ ಸಂಗ್ರಹಿಸುವವರೂ ಕೇರಳದ ಸಂಗ್ರಾಹಕರೂ ಮಂಗಳೂರಿನ ಕಡೆಯವರೂ ಏಕಕಾಲಕ್ಕೆ ಕೈ ಚಾಚುತ್ತಾರೆ. ಇದನ್ನು ಹೇಳಲು ಕಾರಣವಿದೆ: ನೈಜ ಪೈಪೋಟಿ ಇರುವ ಸಾಮಗ್ರಿಯಲ್ಲಿ ಬೆಲೆ ಏರಿತೆಂಬ ಒಂದೇ ಕಾರಣಕ್ಕೆ ಮೋಸವೆನ್ನಲು ಬರುವುದಿಲ್ಲ. ಬೆಲೆ ಎಷ್ಟಕ್ಕೆ ಏರಿತು ಎನ್ನುವುದನ್ನು ಬಿಟ್ಟು, ಹೇಗೆ ಏರಿತು, ಎಲ್ಲಿ ನಿಂತಿತು ಎನ್ನುವುದನ್ನು ನೋಡಬೇಕು.

ಈ ತಾಣದಲ್ಲಿ ಬಿಡ್ ಮಾಡುವ ಕ್ರಮ ಬಹಳ ತಾಣಗಳಲ್ಲಿ ಇರುವಂಥದ್ದೇ. ನಾವು ಕೊಡಲು ಸಿದ್ಧವಿರುವ ಗರಿಷ್ಠ ಮೊತ್ತವನ್ನು ನಮೂದಿಸಿದರೆ ಯಂತ್ರವೇ ನಮ್ಮ ಪರವಾಗಿ ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ಎದುರಾಳಿ 900ಕ್ಕೆ ನಿಂತರೆ, ನಮ್ಮ ಗರಿಷ್ಠ ಎಷ್ಟೇ ಇರಲಿ, ಲಾಟು 1,000ಕ್ಕೆ ನಮ್ಮದಾಗುತ್ತದೆ. ಗೆದ್ದವನು ಎರಡನೆಯವನ ಬೆಲೆಯ ಆಸುಪಾಸಿನಲ್ಲಿ ಹಣ ಕೊಡುವ ಇಂಥ ಹರಾಜಿನಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸಿನ ನಿಜವಾದ ಬೆಲೆಯನ್ನೇ ಬರೆಯುವುದು ಲಾಭಕರವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದರು; 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಆ ತರ್ಕವೆಲ್ಲ ಎರಡನೆಯವನು ನಿಜವಾದ ಗಿರಾಕಿಯಾಗಿದ್ದರೆ ಮಾತ್ರ. ವಸ್ತು ಬೇಡದ, ಬೆಲೆ ಏರಿಸಲೆಂದೇ ಕುಳಿತ ಒಬ್ಬನು ನಡುವೆ ಸೇರಿಕೊಂಡರೆ, ನೈಜ ಎರಡನೆಯವನ ಬೆಲೆಗೂ ನಮ್ಮ ಗರಿಷ್ಠಕ್ಕೂ ನಡುವಿನ ಹಣವನ್ನು ಅವನು ನಮ್ಮ ಜೇಬಿನಿಂದ ತೆಗೆದು ಮಾರುವವನ ಕೈಗಿಡುತ್ತಾನೆ. ಊರ ಜಾತ್ರೆಯಲ್ಲಿ ಹರಕೆಯ ಹಲಸಿನ ಹಣ್ಣನ್ನು ಏಲಂ ಹಾಕುವಾಗ ಸವಾಲು ಕೂಗುವವನ ಮುಖ ಎಲ್ಲರಿಗೂ ಕಾಣುತ್ತದೆ, ಅವನು ಯಾರ ಭಾವ ಎಂಬುದೂ ಗೊತ್ತಿರುತ್ತದೆ. ಇಲ್ಲಿ ಬಿಡ್ ಮಾಡಿದವನ ಹೆಸರಿನ ಜಾಗದಲ್ಲಿ ಕಾಣುವುದು ಒಂದು ಅಕ್ಷರ, ಮೂರು ನಕ್ಷತ್ರ, ಒಂದು ಅಂಕಿ ಮಾತ್ರ.

ಅಂಥ ಒಂದು ನಕ್ಷತ್ರದ ಹೆಸರನ್ನು ನಾನು ಹತ್ತಿರದಿಂದ ಗಮನಿಸಿದೆ. ಆರನೇ ಜಾರ್ಜ್ ದೊರೆಯ ಕಾಲದ, ಕಾಸರಗೋಡಿನ ಮುದ್ರೆಯಿದ್ದ ಒಂದು ಕಾರ್ಡು. ಕುಂಬಳೆ ಕಡೆಯವರೊಬ್ಬರು ಮಂಗಳೂರು ಬಂದರಿನ ಅಂಗಡಿಗೆ ಅಡಿಕೆಯ ಧಾರಣೆ ವಿಚಾರಿಸಿ ಬರೆದದ್ದು. ಆರಂಭದ ಬೆಲೆ 400 ರೂಪಾಯಿ, ನನ್ನ ಗರಿಷ್ಠ 2,600. ಮೊದಲ ದಿನಗಳಲ್ಲಿ ಇಬ್ಬರು ಬಂದು 900ರವರೆಗೆ ಏರಿಸಿ ಹಿಂದೆ ಸರಿದರು. ಹರಾಜು ಮುಗಿಯುವ ಹಿಂದಿನ ರಾತ್ರಿ ಹೊಸ ಹೆಸರೊಂದು ಕಾಣಿಸಿಕೊಂಡಿತು. 1,100, 1,300, 1,500 ಎಂದು ನನ್ನ ಬೆಲೆಯ ಮೇಲೆ ನೂರು ನೂರು ರೂಪಾಯಿ ಸೇರಿಸುತ್ತಾ, ಪ್ರತಿ ಬಾರಿಯೂ ಯಂತ್ರ ನನ್ನ ಪರವಾಗಿ ಉತ್ತರಿಸಿದ ಕೂಡಲೇ ಮತ್ತೊಂದು ಮೆಟ್ಟಿಲು ಹತ್ತುತ್ತಾ, ಆತ ಕೆಲವೇ ನಿಮಿಷಗಳಲ್ಲಿ 2,500ಕ್ಕೆ ಬಂದು ಅಲ್ಲಿಗೆ ನಿಂತುಬಿಟ್ಟ. ಬೆಲೆ ನನ್ನ ಗರಿಷ್ಠವಾದ 2,600ಕ್ಕೆ ಸರಿಯಾಗಿ ತಾಗಿತ್ತು. ಮರುದಿನ ಹರಾಜು ಮುಗಿಯುವವರೆಗೂ ಆತನ ಸುಳಿವಿರಲಿಲ್ಲ.

ಇದು ಕಾಕತಾಳೀಯವಿರಬಹುದು. ಹೊಸದಾಗಿ ಹರಾಜಿಗೆ ಬಂದವರಲ್ಲಿ ಗರಿಷ್ಠ ಬಿಡ್ ಎಂಬ ವ್ಯವಸ್ಥೆ ಅರ್ಥವಾಗದೆ ಹೀಗೆ ನೂರು ನೂರಾಗಿ ತಡವಿ ನೋಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸಾಕೆನಿಸಿದಲ್ಲಿ ನಿಲ್ಲಿಸುವುದೂ ಅವರ ಹಕ್ಕು. ಒಬ್ಬನೇ ಮಾರಾಟಗಾರನ ಲಾಟುಗಳಿಗೆ ಮಾತ್ರ ಬಿಡ್ ಮಾಡುವುದನ್ನು ಅನುಮಾನದ ಲಕ್ಷಣವೆಂದು ಹಲವರು ಹೇಳುತ್ತಾರೆ, ಆದರೆ ಕಾಸರಗೋಡಿನ ಸಾಮಗ್ರಿ ತರುವವನು ಒಬ್ಬನೇ ಇದ್ದರೆ ನನ್ನಂಥವನ ದಾಖಲೆಯೂ ಹಾಗೆಯೇ ಕಾಣುತ್ತದೆ. ಆದ್ದರಿಂದ ನಾನು ಆ ತಿಂಗಳ ಹರಾಜಿನ ಉಳಿದ ಲಾಟುಗಳ ಬಿಡ್ ಪಟ್ಟಿಯನ್ನು ತೆರೆದು ನೋಡಿದೆ. ಅದೇ ಹೆಸರು ಅಂಚೆ ಕಾರ್ಡು, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ, ವೀರರಾಯ ಪಣವೆಂಬ ಪುಟ್ಟ ಚಿನ್ನದ ನಾಣ್ಯ, ಛಾಪಾ ಕಾಗದ ಎಂಬ ಭೇದವಿಲ್ಲದೆ ಹರಡಿಕೊಂಡಿತ್ತು, ಎಲ್ಲ ಕಡೆಯೂ ಎರಡನೆಯ ಸ್ಥಾನದಲ್ಲಿ. ವೀರರಾಯ ಪಣ ಬೇಕಾದವನಿಗೆ ಛಾಪಾ ಕಾಗದವೂ ಬೇಕಾಗಬಾರದೆಂದೇನಿಲ್ಲ. ಆದರೆ ಇಷ್ಟೆಲ್ಲ ಬೇಕಾಗಿಯೂ ಒಂದೂ ದಕ್ಕದೆ, ದಕ್ಕದೆಯೂ ಬೇಸರವಾಗದೆ, ಪ್ರತಿ ಸಲವೂ ಗೆದ್ದವನಿಗಿಂತ ಒಂದೇ ಮೆಟ್ಟಿಲು ಕೆಳಗೆ ನಿಲ್ಲುವ ಸಂಗ್ರಾಹಕನನ್ನು ನಾನಂತೂ ಕಂಡಿಲ್ಲ.

ಹೊರಗಿನವನೊಬ್ಬನಿಗೆ ನನ್ನ ಗರಿಷ್ಠ ಮೊತ್ತ ಕಾಣುವುದಿಲ್ಲ. ಸಂಸ್ಥೆಯ ಯಂತ್ರದಲ್ಲಿ ಅದು ಇದ್ದೇ ಇರುತ್ತದೆ. ಒಬ್ಬನೇ ಪದೇ ಪದೇ ಒಂದು ಮೆಟ್ಟಿಲು ಕೆಳಗೆ ನಿಂತರೆ, ಆತನಿಗೆ ಆ ಮೊತ್ತ ಗೊತ್ತಿದೆಯೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇನ್ನೊಂದು ಲಾಟು ಈ ಸಂಶಯಕ್ಕೆ ಗಟ್ಟಿ ಆಧಾರ ಒದಗಿಸಿತು. ಮಂಜೇಶ್ವರದ ಮುದ್ರೆಯಿದ್ದ ಅಂಚೆ ಲಕೋಟೆ, ಒಳಗೆ ಕಾಗದವೂ ಇತ್ತು. ಇದರಲ್ಲಿ ಎದುರಾಳಿ ನನ್ನ ಗರಿಷ್ಠವನ್ನು ದಾಟಿ ಗೆದ್ದ. ಎರಡು ದಿನಗಳ ನಂತರ ಸಂಸ್ಥೆಯಿಂದ ಮಿಂಚಂಚೆ ಬಂತು: ಗೆದ್ದವರು ಹಿಂದೆ ಸರಿದಿದ್ದಾರೆ, ನಿಮ್ಮ ಗರಿಷ್ಠ ಬೆಲೆಗೆ ಲಾಟು ನಿಮಗೆ ಕೊಡಬಹುದು. ಹಿಂದೆ ಸರಿದವನ ಬಿಡ್ಡುಗಳನ್ನೆಲ್ಲ ತೆಗೆದುಹಾಕಿ ಲೆಕ್ಕ ಮಾಡಿದರೆ ಬೆಲೆ ನನ್ನ ಗರಿಷ್ಠದ ಅರ್ಧಕ್ಕೂ ಬರುತ್ತಿರಲಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ. ಮುಂದಿನ ತಿಂಗಳ ಕ್ಯಾಟಲಾಗಿನಲ್ಲಿ ಅದೇ ಲಕೋಟೆ ಹೊಸ ಲಾಟ್ ಸಂಖ್ಯೆಯೊಂದಿಗೆ, ಹಿಂದಿನ ಮಾರಾಟದ ಪ್ರಸ್ತಾಪವಿಲ್ಲದೆ ಪ್ರತ್ಯಕ್ಷವಾಯಿತು. ಅದೇ ಎಂದು ಗುರುತಿಸುವುದು ಕಷ್ಟವಿರಲಿಲ್ಲ: ಒಳಗಿನ ಕಾಗದದ ಮೊದಲ ಸಾಲಿನಲ್ಲಿ ‘ಉಭಯಕುಶಲೋಪರಿ ಸಾಂಪ್ರತ’ ಎಂದಿರುವಲ್ಲಿ ‘ಪ್ರ’ ಅಕ್ಷರದ ಮೇಲೆ ಶಾಯಿ ಬಿದ್ದು ಬಲಕ್ಕೆ ಬಾಲದಂತೆ ಹರಡಿತ್ತು. ಅದಕ್ಕಿಂತ ವಿಚಿತ್ರವೆಂದರೆ ಹಳೆಯ ಹರಾಜಿನ ‘ಮಾರಾಟವಾದ ಬೆಲೆ’ಗಳ ಪಟ್ಟಿಯಲ್ಲಿ ಆ ನಡೆಯದ ಮಾರಾಟದ ಬೆಲೆ ಇಂದಿಗೂ ಉಳಿದಿದೆ. ಮುಂದೆ ಮಂಜೇಶ್ವರದ ಲಕೋಟೆ ಕೊಳ್ಳುವವರು ಆ ಅಂಕಿಯನ್ನೇ ಮಾರುಕಟ್ಟೆ ಬೆಲೆಯೆಂದು ತಿಳಿದುಕೊಳ್ಳುತ್ತಾರೆ. ಒಂದು ಲಾಟಿನಲ್ಲಿ ಕೈಬಿಟ್ಟ ಹಣಕ್ಕಿಂತ ಇದು ದೊಡ್ಡ ಹಾನಿಯೆಂದು ನನ್ನ ಎಣಿಕೆ.

ಗ್ರಾಹಕ ಸೇವೆಯವರಿಗೆ ಸ್ಕ್ರೀನ್‌ಶಾಟ್‌ಗಳ ಸಮೇತ ಬರೆದೆ, ಫೋನೂ ಮಾಡಿದೆ. ಫೋನಿನಲ್ಲಿದ್ದ ಹುಡುಗ ವಿನಯವಂತ. “ಸರ್, ಬಿಡ್ ಮಾಡೋರ ವಿವರ ಕೊಡೋಕಾಗಲ್ಲ, ಅವರ ಪ್ರೈವೆಸಿ ಸರ್” ಎಂದ. ನಾನು ಕೇಳಿದ್ದು ಹೆಸರನ್ನಲ್ಲ. ಆ ಖಾತೆ ಎಂದು ತೆರೆದದ್ದು, ಇದುವರೆಗೆ ಎಷ್ಟು ಲಾಟಿಗೆ ಹಣ ಕಟ್ಟಿದೆ, ಎಷ್ಟು ಬಿಡ್ ವಾಪಸು ಪಡೆದಿದೆ, ಲಾಟು ಕೊಟ್ಟವರಿಗೂ ಅದಕ್ಕೂ ಸಂಬಂಧವಿದೆಯೇ ಎಂಬುದನ್ನು. ಅಮೆರಿಕದ ಆನ್‌ಲೈನ್ ಹರಾಜು ತಾಣವಾದ ಈಬೇ ಕೂಡ ಬಿಡ್‌ದಾರರ ಹೆಸರನ್ನು ಮರೆಮಾಡುತ್ತದೆ. ಆದರೆ ಆ ಮರೆಮಾಡಿದ ಹೆಸರನ್ನು ಒತ್ತಿದರೆ ಹಿಂದಿನ 30 ದಿನಗಳಲ್ಲಿ ಆತ ಎಷ್ಟು ವಸ್ತುಗಳಿಗೆ ಬಿಡ್ ಮಾಡಿದ, ಅದರಲ್ಲಿ ಇದೇ ಮಾರಾಟಗಾರನ ಪಾಲು ಶೇಕಡಾ ಎಷ್ಟು, ಎಷ್ಟು ಬಿಡ್ ಹಿಂತೆಗೆದ ಎಂಬ ಸಾರಾಂಶ ಸಿಗುತ್ತದೆ. ಹಾಗೆಂದು ಅಲ್ಲಿ ಮೋಸ ನಡೆದಿಲ್ಲವೆಂದಲ್ಲ. 2000ದಲ್ಲಿ ಅಮೆರಿಕದ ಕಲಾವಿದ ಡೀಬೆನ್‌ಕಾರ್ನ್ ಅವರ ಕೃತಿಯಿರಬಹುದೆಂಬ ಭ್ರಮೆ ಹುಟ್ಟಿಸಿದ ಚಿತ್ರವೊಂದರ ಬೆಲೆ 1,35,805 ಡಾಲರ್ ಮುಟ್ಟಿದಾಗ, ಮಾರಾಟಗಾರ ಬೇರೆ ಹೆಸರಿನಲ್ಲಿ ತಾನೇ ಬಿಡ್ ಮಾಡಿದ್ದು ಬಯಲಾಗಿ ಈಬೇ ಆ ಮಾರಾಟವನ್ನೇ ರದ್ದುಪಡಿಸಿತು. ಗೋಪ್ಯತೆಯನ್ನು ಕಾಪಾಡಿಕೊಂಡೇ ದಾಖಲೆ ತೋರಿಸಲು ಸಾಧ್ಯವಿರುವಾಗ ತೋರಿಸದೆ ಇರುವುದನ್ನು ಗೋಪ್ಯತೆಯ ಹೆಸರಿನಲ್ಲಿ ಸಮರ್ಥಿಸುವುದು ಸರಿಯಲ್ಲ.

ಇಲ್ಲಿ ಕಮಿಷನ್ನಿನ ಮಾತನ್ನೂ ಹೇಳಬೇಕು. ಕೊಳ್ಳುವವನಿಂದ ಈ ಸಂಸ್ಥೆ ಶೇಕಡಾ 15ರಷ್ಟು ಕಮಿಷನ್ ಪಡೆಯುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಆ ಅಡಿಕೆ ಧಾರಣೆಯ ಕಾರ್ಡು 1,000ಕ್ಕೆ ಹೋಗಿದ್ದರೆ ಅವರಿಗೆ ಸಿಗುತ್ತಿದ್ದದ್ದು 150 ರೂಪಾಯಿ, 2,600ಕ್ಕೆ ಹೋದದ್ದರಿಂದ ಸಿಕ್ಕಿದ್ದು 390. ಬೆಲೆ ಏರಿದರೆ ಲಾಟು ಕೊಟ್ಟವನಿಗೆ ಮಾತ್ರವಲ್ಲ, ದೂರು ವಿಚಾರಿಸಬೇಕಾದ ಸಂಸ್ಥೆಗೂ ಲಾಭ.

ಕಾನೂನು ಈ ವಿಷಯದಲ್ಲಿ ನಾವು ಎಣಿಸುವುದಕ್ಕಿಂತ ಸ್ಪಷ್ಟವಾಗಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ, ಮಾರಾಟಗಾರನು ತಾನು ಬಿಡ್ ಮಾಡುವ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಪ್ರಕಟಿಸಿ ಕಾಯ್ದಿರಿಸಿಕೊಳ್ಳಬಹುದು. ಹಾಗೆ ಪ್ರಕಟಿಸದೆ ತಾನಾಗಲಿ ತನ್ನ ಪರವಾಗಿ ಇನ್ನೊಬ್ಬರಿಂದಾಗಲಿ ಬಿಡ್ ಮಾಡಿಸುವುದು ಕಾನೂನುಬಾಹಿರ, ಅಂಥ ಮಾರಾಟವನ್ನು ಕೊಂಡವನು ವಂಚನೆಯೆಂದು ಪರಿಗಣಿಸಬಹುದು. ಬೆಲೆ ಏರಿಸಲು ಸೋಗಿನ ಬಿಡ್ ಬಳಸಿದರೆ ಮಾರಾಟವನ್ನು ರದ್ದುಪಡಿಸುವ ಆಯ್ಕೆಯೂ ಕೊಂಡವನಿಗಿದೆ. ಇಂತಿಷ್ಟಕ್ಕಿಂತ ಕಡಿಮೆಗೆ ಕೊಡಲು ಮನಸ್ಸಿಲ್ಲದ ಮಾರಾಟಗಾರನಿಗೆ ಅದೇ ಕಲಮು ನೇರ ದಾರಿಯನ್ನೂ ತೋರಿಸಿದೆ: ಕನಿಷ್ಠ ಬೆಲೆ ಕಾಯ್ದಿರಿಸಿದೆಯೆಂದು ಮೊದಲೇ ತಿಳಿಸಿಬಿಡುವುದು. ಹೀಗಾಗಿ ಯಾವ ತಾಣದ ಸದಸ್ಯತ್ವ ಪಡೆಯುವ ಮೊದಲೂ ಅದರ ನಿಯಮಾವಳಿಯಲ್ಲಿ ಮಾರಾಟಗಾರನ ಪರವಾದ ಬಿಡ್ ಬಗ್ಗೆ ಏನಿದೆಯೆಂದು ಹುಡುಕಿ ಓದಬೇಕು. ಇವರ ನಿಯಮಾವಳಿಯಲ್ಲಿ ಅಂಥ ಹಕ್ಕನ್ನು ಎಲ್ಲಿಯೂ ಕಾಯ್ದಿರಿಸಿಲ್ಲ. ಕಾಯ್ದಿರಿಸಿದ್ದರೆ ನನ್ನ ದೂರಿಗೆ ಬಲವಿರುತ್ತಿರಲಿಲ್ಲ.

2020ರ ಇ-ಕಾಮರ್ಸ್ ನಿಯಮಗಳಂತೆ ಸಂಸ್ಥೆಯ ಕುಂದುಕೊರತೆ ಅಧಿಕಾರಿ ದೂರು ಬಂದದ್ದನ್ನು 48 ಗಂಟೆಗಳೊಳಗೆ ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ನನಗೆ ಸ್ವೀಕೃತಿ ಬಂದದ್ದು ಮತ್ತೆ ನೆನಪಿಸಿದ ಮೇಲೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಂಡವನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು ಅವಕಾಶ ಕೊಡುವುದರಿಂದ, ಸಂಸ್ಥೆ ಬೇರೆ ರಾಜ್ಯದಲ್ಲಿದ್ದರೂ ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿ ಕೇಳಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಮರುಮಾರಾಟದ ವ್ಯಾಪಾರಕ್ಕಾಗಿ ಕೊಂಡವರು ಮಾತ್ರ ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಾಗುವುದಿಲ್ಲ, ಆದ್ದರಿಂದ ಸಂಗ್ರಹದ ಜೊತೆಗೆ ವ್ಯಾಪಾರವನ್ನೂ ಮಾಡುವವರು ತಮ್ಮ ಬಿಲ್ಲುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಗರಿಷ್ಠ ಬಿಡ್ಡನ್ನು ದಿನಗಟ್ಟಲೆ ಮೊದಲೇ ಇವರ ಯಂತ್ರಕ್ಕೆ ಒಪ್ಪಿಸುವುದನ್ನು ನಾನು ನಿಲ್ಲಿಸಿದ್ದೇನೆ. ಕೊನೆಯ ಕ್ಷಣದಲ್ಲಿ ಒಮ್ಮೆಲೇ ಬಿಡ್ ಹಾಕಿದರೆ ಬೇನಾಮಿದಾರನಿಗೆ ತಡವಿ ನೋಡಲು ಸಮಯ ಸಿಗುವುದಿಲ್ಲವೆಂಬ ಹಳೆಯ ಉಪಾಯ ಇಲ್ಲಿ ಪೂರ್ತಿ ನಡೆಯುವುದಿಲ್ಲ, ಏಕೆಂದರೆ ಕೊನೆಯ ಎರಡು ನಿಮಿಷಗಳಲ್ಲಿ ಬಿಡ್ ಬಂದರೆ ಅವಧಿ ತಾನಾಗಿ ಮುಂದಕ್ಕೆ ಹೋಗುತ್ತದೆ. ಆದರೂ ಆಗ ನಾವು ಎದುರಿಗೇ ಇರುತ್ತೇವೆ. ಯಂತ್ರ ನಮ್ಮ ಪರವಾಗಿ ರಾತ್ರಿಯಿಡೀ ಮೆಟ್ಟಿಲು ಹತ್ತುವುದಕ್ಕೂ, ಎದುರಾಳಿಯ ಹೆಜ್ಜೆ ನೋಡಿ ನಾವೇ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ. ಕಮಿಷನ್, ಜಿಎಸ್‌ಟಿ, ಅಂಚೆ ವೆಚ್ಚ ಎಲ್ಲವನ್ನೂ ಸೇರಿಸಿದ ಮೊತ್ತವನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತೇನೆ. ‘ಮಾರಾಟವಾದ ಬೆಲೆ’ಗಳ ಪಟ್ಟಿಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ವಸ್ತುವಿನ ವಿವರಣೆ ಮತ್ತು ಪ್ಯಾಕಿಂಗಿಗೆ ಐದರಲ್ಲಿ ನಾಲ್ಕೂವರೆ, ಹರಾಜಿನ ನಡವಳಿಕೆಗೆ ಒಂದು ಅಂಕ ಕೊಡುತ್ತೇನೆ. ಎಲ್ಲ ಕಡೆಯೂ ಸಿಗುವ, ಬೆಲೆ ಹತ್ತು ಅಂಗಡಿಗಳಲ್ಲಿ ವಿಚಾರಿಸಿ ತಿಳಿಯಬಹುದಾದ ನಾಣ್ಯ, ಅಂಚೆಚೀಟಿಗಳಿಗೆ ಇಲ್ಲಿ ಬಿಡ್ ಮಾಡಲು ಅಡ್ಡಿಯಿಲ್ಲ. ಒಂದೇ ಒಂದು ಪ್ರತಿ ಇರಬಹುದಾದ ಊರಿನ ಲಕೋಟೆ, ಕಾರ್ಡುಗಳ ವಿಷಯದಲ್ಲಿ, ಈ ಸಂಸ್ಥೆ ಬಿಡ್‌ದಾರನ ಹಿಂದಿನ ದಾಖಲೆಯನ್ನು ತೋರಿಸಲು ಆರಂಭಿಸುವವರೆಗೆ, ಮಂಗಳೂರಿನ ಪ್ರದರ್ಶನಗಳಲ್ಲಿ ಮಾರಾಟಗಾರನ ಎದುರು ಕುಳಿತು ಚೌಕಾಸಿ ಮಾಡುವುದೇ ಲೇಸು.